ಸಿಹಿಗುಂಬಳದ ಬಿಲ್ಲೆ

"ಓದಿರೋದು ಎಷ್ಟನೇ ಕ್ಲಾಸಯ್ಯ ನೀನು?" ಎಂದು ಹಲ್ಲಿನ ಡಾಕ್ಟರು ಕೇಳಿದಾಗ ಅವನ ಕೆನ್ನೆ ನೆಲಕ್ಕೆ ಅಂಟಿಕೊಂಡಿತ್ತು, ಬಲಗೈ ಬೆಂಚಿನ ಕೆಳಗೆ ಭುಜದವರೆಗೂ ಹೋಗಿತ್ತು, ಮಿಕ್ಕ ಮೈಯೆಲ್ಲ ಆ ನಾಯಿ ತೊಳೆಯುವ ಅಂಗಡಿಯ ನಟ್ಟನಡುವೆ, ಬೆಂಚಿನ ಮೇಲೆ ಕೂತ ಐದು ಜನ ಗಿರಾಕಿಗಳ ಕಣ್ಣೆದುರು, ಅಂಡು ಮೇಲೆ ಮಾಡಿಕೊಂಡು ಬಿದ್ದಿತ್ತು. ಆ ಭಂಗಿಯಲ್ಲಿರುವವನಿಗೆ ಯಾರೂ ಇಂಥ ಪ್ರಶ್ನೆ ಕೇಳಬಾರದು. ಬೆಂಚಿನ ಕೆಳಗೆ ಡಾಕ್ಟರ ಮುದಿ ನಾಯಿ, ಅಂಗಡಿಯವರೆಲ್ಲ ಅಜ್ಜ ಎಂದು ಕರೆಯುವ ನಾಯಿ, ಅವನು ಕೊಟ್ಟ ಬಿಸ್ಕತ್ತನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ಉಗುಳಿತ್ತು. ಟಕ್ ಎಂದು ಅದು ನೆಲಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತ್ತು.

"ಎಂಟು," ಎಂದ, ನೆಲಕ್ಕೆ.

"ಪಾಸೋ, ಫೇಲೋ?"

ಯಾರೋ ಕಿಸಕ್ಕೆಂದರು. ಡಾಕ್ಟರು ಬಿಸ್ಕತ್ತಿನ ಪ್ಯಾಕೆಟ್ಟನ್ನು ಎತ್ತಿ ಹಿಡಿದು, ಹಲ್ಲು ಕಿತ್ತ ಮೇಲೆ ರೋಗಿಗೆ ತೋರಿಸುತ್ತಾರಲ್ಲ ಹಾಗೆ, ಬೆಂಚಿನವರಿಗೆಲ್ಲ ತೋರಿಸಿದರು. "ದಪ್ಪ ಅಕ್ಷರದಲ್ಲಿ ಬರೆದಿದೆ ನೋಡ್ರಿ. ಗಟ್ಟಿ ಬಿಸ್ಕತ್ತು, ಎಳೇ ನಾಯಿಗೆ ಅಂತ. ನನ್ನ ನಾಯಿಗೆ ಇರೋದು ನಾಲ್ಕು ಹಲ್ಲು. ಮೇಡಂ, ಓದೋಕೆ ಬಾರದವನ ಕೈಗೆ ಮಾತು ಬಾರದ ಪ್ರಾಣಿ ಕೊಡ್ತೀರಲ್ಲ, ನಿಮಗಾದ್ರೂ ಬುದ್ಧಿ ಬೇಡವಾ?"

ಅವನು ಎದ್ದ. ಎದ್ದವನ ಕೆನ್ನೆಗೆ ಒದ್ದೆ ಕೂದಲು ಮೆತ್ತಿಕೊಂಡಿತ್ತು, ನಾಯಿಯದ್ದು, ಬಿಳಿ, ಅರ್ಧ ಮೀಸೆಯ ಹಾಗೆ. ಇದನ್ನು ಅವನು ಆಮೇಲೆ ಕನ್ನಡಿಯಲ್ಲಿ ನೋಡಿದ್ದು. ಆಗ ಗೊತ್ತಿದ್ದರೆ ಅಷ್ಟು ಎದೆಯುಬ್ಬಿಸಿ ಮಾತಾಡುತ್ತಿರಲಿಲ್ಲ. "ಶನಿವಾರ ಕರ್ಕೊಂಡು ಬನ್ನಿ ಸಾರ್," ಎಂದ. "ಈ ಪ್ಯಾಕೆಟ್ಟೂ ಬೇಡ, ಏನೂ ಬೇಡ. ನಾನೇ ಮಾಡ್ಕೊಂಡು ಬರ್ತೀನಿ. ನನ್ನ ಕೈಯಿಂದ ತಿನ್ನುತ್ತೆ, ತಿಂದು ಡ್ರೈಯರ್ ಮುಂದೆ ನಿಲ್ಲುತ್ತೆ. ನಿಲ್ಲಲಿಲ್ಲ ಅಂದ್ರೆ ನನ್ನನ್ನ ಕೇಳಿ."

"ನಿನ್ನನ್ನ ಕೇಳಿ ಏನು ಬರುತ್ತಯ್ಯ," ಎಂದರು ಡಾಕ್ಟರು. ಈ ಸಲ ಬೆಂಚಿನವರ ಜೊತೆ ಕತ್ತರಿಯಣ್ಣನೂ ನಕ್ಕ. ಮೇಜಿನ ಮೇಲೆ ನಾಯಿಗಳ ಕೂದಲು ಕತ್ತರಿಸುವವನು, ಹನ್ನೊಂದು ವರ್ಷದ ಅನುಭವದವನು, ನೀರು ಹೊರುವ ಇವನಿಗೆ ಬಕೆಟ್ ಎಂದು ಹೆಸರಿಟ್ಟವನೂ ಅವನೇ.

ವಿಷಯ ಮಾತ್ರ ನಗುವಂಥದ್ದಾಗಿರಲಿಲ್ಲ. ಅಜ್ಜನಿಗೆ ಹದಿನಾಲ್ಕು ವರ್ಷ. ಹೊಟ್ಟೆಯ ಕೆಳಗಿನ ಕೂದಲು ಗಂಟುಗಟ್ಟಿ, ಗಂಟಿನ ಕೆಳಗೆ ತೇವ ನಿಂತು, ಚರ್ಮ ಹುಣ್ಣಾಗಿತ್ತು. ನೀರಿಗೆ ಅದು ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಡ್ರೈಯರಿಗೆ, ಉದ್ದ ಕೊಳವೆಯ ಆ ಕಪ್ಪು ಮಷಿನ್ನಿಗೆ. ಅದು ಬುಸ್ ಎಂದ ಕೂಡಲೇ ಅಜ್ಜ ಬೆಂಚಿನ ಕೆಳಗೆ. ಮೈ ಒಣಗದೆ ಹುಣ್ಣು ಮತ್ತಷ್ಟು ಹರಡುತ್ತಿತ್ತು. ಪ್ರಾಣಿಗಳ ಆಸ್ಪತ್ರೆಯವರು ಇಂಜೆಕ್ಷನ್ ಕೊಟ್ಟು ಮಲಗಿಸಿ ಮಾಡೋಣ ಅಂದಿದ್ದರು, ಆದರೆ ಈ ವಯಸ್ಸಿನಲ್ಲಿ ಮಲಗಿದ್ದು ಏಳುತ್ತದೆ ಅಂತ ಬರೆದುಕೊಡುವುದಿಲ್ಲ ಎಂದೂ ಅಂದಿದ್ದರು. ಗಿರಾಕಿಗಳು ಹೋದ ಮೇಲೆ ಅಂಗಡಿಯ ಒಡತಿ ಮೇಡಂ ಟವೆಲ್ ಮಡಚುತ್ತ ತಣ್ಣಗೆ ಹೇಳಿದರು, "ಶನಿವಾರ ನಿಲ್ಲಲಿಲ್ಲ ಅಂದ್ರೆ ಸೋಮವಾರ ಇಂಜೆಕ್ಷನ್ನು. ನೀನು ಬಾಯಿ ಕೊಟ್ಟಿದ್ದೀಯ, ನಾನಲ್ಲ. ಆಗಲಿಲ್ವೋ, ಆಮೇಲೆ ಬಕೆಟ್ಟು ಬಿಟ್ಟು ನಾಯಿ ಮುಟ್ಟೋ ಹಾಗಿಲ್ಲ. ಆಯ್ತಾ?"

"ಹೂಂ ಮೇಡಂ."

"ಮುಖ ತೊಳ್ಕೋ. ಮೀಸೆ ಬಂದಿದೆ."

ಮನೆಗೆ ನಡೆಯುತ್ತ ಅವನು ಡಾಕ್ಟರಿಗೆ ಕೊಡಬೇಕಾಗಿದ್ದ ಉತ್ತರಗಳನ್ನೆಲ್ಲ ಒಂದೊಂದಾಗಿ ಕೊಟ್ಟ. ಊರೆಲ್ಲರ ಹಲ್ಲು ನೋಡೋರ ಮನೆ ನಾಯಿಗೆ ನಾಲ್ಕೇ ಹಲ್ಲಾ ಸಾರ್? ಇದು ಚೆನ್ನಾಗಿತ್ತು. ಚೆನ್ನಾಗಿದ್ದ ಉತ್ತರಗಳೆಲ್ಲ ಅವನಿಗೆ ಎರಡನೇ ತಿರುವಿನ ಸೈಕಲ್ ರಿಪೇರಿ ಅಂಗಡಿಯ ಹತ್ತಿರವೇ ಹೊಳೆಯುತ್ತಿದ್ದವು, ಯಾವತ್ತೂ ಬೇಕಾದ ಜಾಗದಲ್ಲಲ್ಲ. ಪಾಸೋ ಫೇಲೋ ಅಂತೆ. ಪಾಸೂ ಇಲ್ಲ ಫೇಲೂ ಇಲ್ಲ, ನಡುವೆ ಎದ್ದು ಬಂದವನು, ಅದಕ್ಕೆ ಯಾವ ಹೆಸರಿದೆ? ಆವತ್ತು ಮೇಷ್ಟ್ರು ಎದ್ದು ನಿಲ್ಲಿಸಿ ಪಾಠ ಓದು ಎಂದಿದ್ದರು. ಅವನು ತಪ್ಪಿಲ್ಲದೆ ಓದಿದ. ಅದೇ ಮೊದಲ ಸಲ ಒಂದು ತಪ್ಪೂ ಇಲ್ಲದೆ, ಅಕ್ಷರ ಅಕ್ಷರವನ್ನೂ ಹಿಡಿದು ನಿಲ್ಲಿಸಿ ಓದಿದ. ಆದರೆ ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು, ಇಡೀ ಕ್ಲಾಸು ಚಪ್ಪಾಳೆ ತಟ್ಟಿತು, ಮೇಷ್ಟ್ರು "ಪುಣ್ಯಾತ್ಮ, ನಿನ್ನ ದಯೆಯಿಂದ ಇವತ್ತು ಎಲ್ಲರಿಗೂ ಪಾಠ ತಪ್ಪಿತು ನೋಡು" ಎಂದು ಬೆನ್ನು ತಟ್ಟಿದರು. ತಮಾಷೆಗೆ ಅಂದದ್ದು, ಅದು ಅವನಿಗೂ ಗೊತ್ತು. ಆದರೂ ಮರುದಿನ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಮನೆಯಲ್ಲಿ ಮಾತ್ರ ಬೇರೆಯದೇ ಹೇಳಿದ: ಅಪ್ಪನ ಕೈಗೆ ಆಸರೆಯಾಗ್ತೀನಿ, ದುಡೀತೀನಿ, ತಂಗಿ ಓದಲಿ. ಯಾರೂ ಕೇಳದ ತ್ಯಾಗ. ಅಮ್ಮ ಅದನ್ನು ನಂಬಿ ಅತ್ತಳು, ಅತ್ತು ಮುಗಿಸಿ ಹೆಮ್ಮೆಪಟ್ಟಳು, ಈಗಲೂ ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಈ ಕಥೆ ಕೊಡುತ್ತಾಳೆ, "ನನ್ನ ಮಗ ನಮಗೋಸ್ಕರ ಓದು ಬಿಟ್ಟ." ಆಗೆಲ್ಲ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಾನೆ, ಅದನ್ನವಳು ನಾಚಿಕೆ ಎಂದುಕೊಂಡಿದ್ದಾಳೆ.

ಅಂಗಡಿಯ ಹಿಂದೆ, ಸೋಪಿನ ಕ್ಯಾನುಗಳ ಮೇಲಿನ ಗೋಡೆಗೆ ಒಂದು ಪಟ್ಟಿ ಅಂಟಿಸಿತ್ತು: ನಾಯಿಗೆ ಕೊಡಬಾರದ ಪದಾರ್ಥಗಳು. ಎರಡು ವರ್ಷದಿಂದ ಅದು ಅಲ್ಲೇ ಇತ್ತು, ಎರಡು ವರ್ಷದಿಂದ ಯಾರೂ ಓದಿರಲಿಲ್ಲ. ಗುರುವಾರ, ಶುಕ್ರವಾರ ಊಟದ ಹೊತ್ತಿಗೆ ಅವನು ಅದರ ಎದುರು ನಿಂತ. ಒಂದಕ್ಷರ ಹಿಡಿದು ನಿಲ್ಲಿಸುವಷ್ಟರಲ್ಲಿ ಇನ್ನೊಂದು ಒದ್ದೆ ನಾಯಿಯ ಹಾಗೆ ಕೈಯಿಂದ ಜಾರಿ ಓಡುತ್ತಿತ್ತು. ಓಡಲಿ, ಒದ್ದೆ ನಾಯಿಗಳ ವಿಷಯ ಇವನಿಗೆ ಗೊತ್ತಿಲ್ಲವೇ. ಬೇಗ ಓದುವವರು ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಇವನು ಓದಿದ್ದು ಮೈಗೆ ಅಂಟಿಕೊಂಡಿತು. ಉಪ್ಪು, ಸಕ್ಕರೆ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ಕಾಫಿ, ದ್ರಾಕ್ಷಿ, ಒಣದ್ರಾಕ್ಷಿ. ಪಕ್ಕದಲ್ಲೇ ಕೊಡಬಹುದಾದವು: ಸಿಹಿಗುಂಬಳ, ಕ್ಯಾರೆಟ್ಟು, ಮೊಟ್ಟೆ, ಬಾಳೆಹಣ್ಣು, ಓಟ್ಸು. "ಏನೋ ಬಕೆಟ್, ಪರೀಕ್ಷೆ ಕಟ್ಟಿದ್ದೀಯಾ?" ಎಂದು ಕತ್ತರಿಯಣ್ಣ ಬಾಗಿಲಲ್ಲಿ ಇಣುಕಿದ. "ಹೋಗಣ್ಣ, ನಿನ್ನ ಕೂದಲು ನೋಡ್ಕೋ," ಎಂದ. ಕತ್ತರಿಯಣ್ಣನ ತಲೆ ನುಣ್ಣಗೆ ಬೋಳು. ಇಬ್ಬರೂ ನಕ್ಕರು, ಆದರೆ ಬೇರೆ ಬೇರೆ ಹೊತ್ತಿಗೆ.

ಶನಿವಾರ ಬೆಳಿಗ್ಗೆ ಅಡುಗೆಮನೆಯನ್ನು ಅವನು ಅಮ್ಮನ ಕೈಯಿಂದ ಕಿತ್ತುಕೊಂಡ. ಕುಂಬಳದ ಹೋಳನ್ನು ಬೇಯಿಸಿ, ನೀರು ಬಸಿದು, ಸೌಟಿನ ಬೆನ್ನಿನಿಂದ ಮಸೆದ. ಮಸೆದಷ್ಟೂ ಅದು ಸಂಜೆಬಿಸಿಲಿನ ಬಣ್ಣಕ್ಕೆ ತಿರುಗಿತು. ಮೊಟ್ಟೆ ಒಡೆದು ಹಾಕಿದ, ಗೋಧಿಹಿಟ್ಟು ಉದುರಿಸಿದ. ಅಂಗಡಿಯ ಬಿಸ್ಕತ್ತಿನ ಹಾಗೆ ಗರಿಗರಿ ಬೇಡ, ಒಸಡಿನಲ್ಲೇ ಅದುಮಿ ನುಂಗುವ ಹಾಗಿರಬೇಕು. ಹಬೆಯಲ್ಲಿ ಬೇಯಿಸೋಣ ಎಂದು ಯಾರೂ ಹೇಳಿಕೊಡದೆ ಅವನಿಗೇ ಹೊಳೆಯಿತು. ಹೊಳೆದದ್ದಕ್ಕೆ ಖುಷಿಯಾಗಿ ಶಿಳ್ಳೆ ಹಾಕಿದ. ತಂಗಿ ಕಾಲೇಜಿನ ಚೀಲ ಹೆಗಲಿಗೇರಿಸಿಕೊಂಡು ಬಂದು ಪಾತ್ರೆಗೆ ಇಣುಕಿದಳು.

"ಏನಣ್ಣ ಇದು, ಮಗು ಬರೋದಿದೆಯಾ ಮನೆಗೆ?"

"ನಾಯಿಗೆ ಕಣೇ."

"ನಮಗೆ ಒಂದಿನ ಒಂದು ಲೋಟ ಚಹಾ ಮಾಡಿಕೊಟ್ಟಿದ್ದೀಯಾ? ನಾಯಿಯಾಗಿ ಹುಟ್ಟಬೇಕಿತ್ತು ನಾನು."

"ಈಗೇನು ಕಮ್ಮಿಯಾಗಿದೆ, ಬೊಗಳ್ತಾನೇ ಇದ್ದೀಯಲ್ಲ."

ತಂಗಿ ಅವನ ಬೆನ್ನಿಗೊಂದು ಗುದ್ದಿ ಹೋದಳು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ತನ್ನದೇ ಅಡುಗೆಮನೆಗೆ ನೆಂಟಳಾಗಿ ಬಂದವಳಂತೆ ನಿಂತಿದ್ದಳು. "ಉಪ್ಪು ಹಾಕಿದ್ಯೇನೋ?" "ಹಾಕಬಾರದು." "ಸಕ್ಕರೆ?" "ಹಾಕಬಾರದು." "ಒಂಚೂರು ಬೆಲ್ಲ?" "ಅಮ್ಮಾ." "ಮತ್ತೆ ಅದು ಪಾಪ ಏನಂತ ತಿನ್ನುತ್ತೋ?" ಅವನು ಹಿಟ್ಟಿನ ಬೆರಳೆತ್ತಿ, ಗೋಡೆಯ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದ: ಉಪ್ಪು, ಸಕ್ಕರೆ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ಕಾಫಿ. ಅಮ್ಮನ ಕಣ್ಣಲ್ಲಿ ಮಗ ಇಷ್ಟು ಓದಿದ್ದಾನಲ್ಲ ಎಂಬ ಬೆರಗು ಕಂಡಿತು, ಆ ಬೆರಗಿಗೆ ಅವನು ಅಲ್ಲೇ ನಿಂತುಬಿಟ್ಟ, ಪಟ್ಟಿ ಮುಗಿದಿರಲಿಲ್ಲ. ಬಿಲ್ಲೆ ತಟ್ಟಿ ಬೇಯಿಸೋ ಕೆಲಸ ನಾನು ಮಾಡ್ತೀನಿ, ನೀನು ಸ್ನಾನ ಮಾಡಿ ಬಾ, ಎಂದಳು ಅಮ್ಮ. ಒಳ್ಳೆಯದೇ ಆಯಿತು ಎಂದುಕೊಂಡು ಹೋದ. ಬಂದು ನೋಡಿದರೆ ಡಬ್ಬಿ ತುಂಬ ಬಿಲ್ಲೆಗಳು, ಒಂದೊಂದೂ ಒಂದೇ ಅಳತೆಗೆ, ಅಂಚು ಒತ್ತಿ, ಬಿಸಿಯಾಗಿ, ಮುಚ್ಚಳದ ಒಳಗೆಲ್ಲ ಬೆವರು.

ಅಂಗಡಿಯಲ್ಲಿ ಮತ್ತೆ ಅದೇ ಬೆಂಚು, ಅದರ ಮೇಲೆ ಬೇರೆ ಜನ. ಶನಿವಾರ ಗಿರಾಕಿಗಳು ಜಾಸ್ತಿ. ಬುಧವಾರ ಇದ್ದವರಲ್ಲಿ ಬಿಳಿ ಮರಿಯನ್ನು ಮಡಿಲಲ್ಲಿಟ್ಟುಕೊಂಡ ದಪ್ಪ ಹೆಂಗಸೊಬ್ಬಳೇ ಇದ್ದಳು, ಮಿಕ್ಕವರಿಗೆಲ್ಲ ಅವಳೇ ಹಿಂದಿನ ಕಥೆ ಹೇಳಿ ಮುಗಿಸಿದ್ದಳೆಂದು ಅವರು ಇವನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು. ಅಜ್ಜನ ಸ್ನಾನ ಸುಸೂತ್ರವಾಗಿ ಆಯಿತು. ಡ್ರೈಯರ್ ಬುಸ್ ಎಂದಿತು, ಅಜ್ಜ ಬೆಂಚಿನ ಕೆಳಗೆ ಹೋಯಿತು, ಅದೂ ಸುಸೂತ್ರವಾಗಿಯೇ. ಡಾಕ್ಟರು ಕೈಗಡಿಯಾರ ನೋಡಿದರು. "ಹನ್ನೊಂದಕ್ಕೆ ನನಗೆ ರೋಗಿ ಇದ್ದಾರೆ. ಎಲ್ಲಿ, ನಿನ್ನ ಅಡುಗೆ ತೆಗಿ."

ಡ್ರೈಯರ್ ಆರಿಸಿ ಅವನು ನೆಲದ ಮೇಲೆ ಕೂತ. ಈ ಸಲ ಮಲಗಲಿಲ್ಲ, ಚಕ್ಕಳಮಕ್ಕಳ ಹಾಕಿ, ಬೆಂಚಿಗೆ ಓರೆಯಾಗಿ, ಯಾರನ್ನೂ ಕರೆಯದೆ ಕೂತ. ಡಬ್ಬಿ ತೆರೆದ. ಕುಂಬಳದ ಬೆಚ್ಚನೆ ವಾಸನೆ ಸೋಪಿನ ವಾಸನೆಯ ನಡುವೆ ದಾರಿ ಮಾಡಿಕೊಂಡು ಹೋಯಿತು. ಮೊದಲು ಒಂದು ಮೂಗು ಬಂತು. ಆಮೇಲೆ, ನೀರಿಳಿಯುತ್ತಿದ್ದ ಗಡ್ಡ. ಅಜ್ಜ ಹೊರಗೆ ಬಂತು, ನಾಲ್ಕೂ ಕಾಲು ಹೊರಗೆ, ಬಿಳಿ ಮರಿಯ ಹೆಂಗಸು "ಅಯ್ಯೋ ಬಂತು ಕಣ್ರೀ" ಎಂದು ಪಿಸುಗುಟ್ಟಿದಳು, ಅಜ್ಜ ಅವನ ಮಂಡಿಯ ಮೇಲೆ ಗದ್ದ ಇಟ್ಟಿತು. ಅಷ್ಟು ಭಾರದ ಗದ್ದ. ಇಡೀ ಬಿಲ್ಲೆ ಗಂಟಲಿಗೆ ಸಿಕ್ಕಿಕೊಂಡೀತೆಂದು ಅವನು ಅದನ್ನು ಎರಡು ಹೋಳು ಮಾಡಿದ. ಕಿತ್ತಳೆ ಬಣ್ಣದ ನಡುವೆ ಕಪ್ಪಗೆ ಏನೋ ಇತ್ತು. ಏನೋ ಎಂದರೆ ಏನು, ಉಬ್ಬಿ, ಸುಕ್ಕು ಬಿಟ್ಟು, ಹೊಳೆಯುತ್ತ ಕೂತ ಒಣದ್ರಾಕ್ಷಿ. ಇನ್ನೊಂದು ಬಿಲ್ಲೆ ಮುರಿದ. ಅದರಲ್ಲಿ ಎರಡು.

ಅಮ್ಮ. ಮನೆಯಿಂದ ಹೊರಗೆ ಹೋಗುವ ಯಾವ ಡಬ್ಬಿಯನ್ನೂ ಅವಳು ದ್ರಾಕ್ಷಿಯಿಲ್ಲದೆ ಕಳಿಸಿದವಳಲ್ಲ. ತಿನ್ನೋರಿಗೆ ನಡುವೆ ಒಂದು ಸಿಕ್ಕರೆ ನಮ್ಮ ನೆನಪಾಗುತ್ತೆ ಎನ್ನುವವಳು. ಉಪ್ಪೂ ಇಲ್ಲದ ಸಕ್ಕರೆಯೂ ಇಲ್ಲದ ಸಪ್ಪೆ ತಿನಿಸನ್ನು ಕಂಡು ಅವಳ ಕೈ ಸುಮ್ಮನಿರುವುದಾದರೂ ಹೇಗೆ. ಮೇಲೆ ಇಟ್ಟರೆ ಮಗ ಕಿತ್ತುಹಾಕುತ್ತಾನೆಂದು ಒಳಗೇ ಹುದುಗಿಸಿದ್ದಾಳೆ. ಅವಳ ತಪ್ಪೇನು? ಅವನು ಒಪ್ಪಿಸಿದ ಪಾಠದಲ್ಲಿ ದ್ರಾಕ್ಷಿ ಇರಲಿಲ್ಲ. ಅಜ್ಜ ಕೈ ಮೂಸಿತು. ಅವನು ಮುಷ್ಟಿ ಮುಚ್ಚಿದ. ಅಜ್ಜ ಮುಷ್ಟಿಯನ್ನು ನೆಕ್ಕಿತು, ಬೆರಳುಗಳ ಸಂದಿಗೆ ನಾಲಿಗೆ ತೂರಿಸಿತು, ಈ ಅಂಗಡಿಯಲ್ಲಿ ಯಾರ ಕೈಯಿಂದಲೂ ಏನೂ ತಿನ್ನದ ನಾಯಿ ಬಾಲ ಆಡಿಸಿ ಕೇಳಿತು.

"ಕೊಡಯ್ಯ!" ಎಂದರು ಡಾಕ್ಟರು. ಅವರ ದನಿ ಒಡೆದಿತ್ತು. "ಕೇಳ್ತಿದೆಯಲ್ಲ, ಕೊಡು, ಏನು ನೋಡ್ತಾ ಕೂತೆ?"

ಕೆಳಗೆ ಬಿತ್ತು, ಕೊಳೆಯಾಯಿತು ಎನ್ನಬಹುದಿತ್ತು. ಬೇಕಂತಲೇ ಡಬ್ಬಿ ಬೀಳಿಸಬಹುದಿತ್ತು. ಅಮ್ಮ ಹಾಕಿಬಿಟ್ಟಿದ್ದಾಳೆ ಸಾರ್, ಅವಳಿಗೆ ಗೊತ್ತಾಗಲ್ಲ, ಎನ್ನಬಹುದಿತ್ತು. ಅದು ನಿಜವೂ ಆಗಿತ್ತು, ಆ ನಿಜ ನಾಲಿಗೆಯ ತುದಿಗೆ ಬಂದು ಕೂತೂ ಇತ್ತು. ಆದರೆ ಅವಳು ಹತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದ ಸುಳ್ಳು ಅವನದು. ಅದಕ್ಕೆ ಬದಲಾಗಿ ಒಂದು ಹಿಡಿ ದ್ರಾಕ್ಷಿಯನ್ನು ಅವಳ ತಲೆಗೆ ಕಟ್ಟುವುದೇ?

"ದ್ರಾಕ್ಷಿ ಇದೆ ಸಾರ್ ಇದರಲ್ಲಿ," ಎಂದ. ದನಿ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಇತ್ತು. "ನಾಯಿಗೆ ವಿಷ. ನನ್ನದೇ ತಪ್ಪು. ಇದನ್ನ ಕೊಡಲ್ಲ."

ಬೆಂಚಿನವರು ಡಬ್ಬಿಯತ್ತ ಬಗ್ಗಿ ನೋಡಿದರು. ಆಮೇಲೆ ಡಾಕ್ಟರು ಶುರುಮಾಡಿದರು. ಅವರು ಅಂದದ್ದರಲ್ಲಿ ಹೊಸದೇನೂ ಇರಲಿಲ್ಲ, ಬುಧವಾರದ್ದೇ ಸರಕು, ಸ್ವಲ್ಪ ಜೋರಾಗಿ. ವಿಚಿತ್ರವೆಂದರೆ ಅದು ಅವನಿಗೆ ತಾಗಲೇ ಇಲ್ಲ. ಅವನು ಅಜ್ಜನ ಒದ್ದೆ ಬೆನ್ನನ್ನು ನೋಡುತ್ತಿದ್ದ, ಅದು ನಡುಗುತ್ತಿತ್ತು, ಬೆಂಚಿನ ಕೆಳಕ್ಕೆ ಮತ್ತೆ ಹಿಂದೆ ಹಿಂದೆ ಸರಿಯುತ್ತಿತ್ತು. "ಸಾರ್, ಆಮೇಲೆ ಬೈಯಿರಿ," ಎಂದು ಎದ್ದ. "ಮೇಡಂ, ನಿಮ್ಮ ಡ್ರಾಯರಲ್ಲಿ ಓಟ್ಸ್ ಇದೆಯಲ್ಲ, ತೂಕ ಇಳಿಸೋಕೆ ಅಂತ ತಂದಿದ್ದು?"

"ಏಯ್, ಎಲ್ಲರೆದುರು ಹೇಳಬೇಕಾ ಅದನ್ನ?" ಎಂದರು ಮೇಡಂ, ಆದರೆ ಡ್ರಾಯರ್ ಎಳೆದರು.

"ಬಾಳೆಹಣ್ಣು ನನ್ನ ಹತ್ರ ಇದೆಯಪ್ಪಾ," ಬಿಳಿ ಮರಿಯ ಹೆಂಗಸು ಚೀಲಕ್ಕೆ ಕೈ ಹಾಕಿದಳು. "ಹಾಗೇ ಕೊಡು, ತಿನ್ನುತ್ತೇನೋ." ಕೊಟ್ಟು ನೋಡಿದರು. ಅಜ್ಜ ಬಾಳೆಹಣ್ಣಿನ ಕಡೆಯಿಂದ ಮುಖ ತಿರುಗಿಸಿ, ಗೋಡೆ ನೋಡಿತು. ಕತ್ತರಿಯಣ್ಣ ತನ್ನ ಊಟದ ಡಬ್ಬಿ ಬಿಚ್ಚಿ, ಬೇಯಿಸಿದ ಮೊಟ್ಟೆಯೊಂದನ್ನು ತಂದು, ಸಿಪ್ಪೆ ಬಿಡಿಸಿ, ಅವನ ಅಂಗೈಯಲ್ಲಿಟ್ಟ. "ಉಪ್ಪು ಹಾಕಿಲ್ಲ," ಎಂದ. "ಬೇಗ ಮಾಡು. ನನ್ನ ಮಧ್ಯಾಹ್ನದ ಊಟ ಅದು, ವ್ಯರ್ಥ ಮಾಡಬೇಡ."

ಹಿಂದಿನ ಕೋಣೆಯಲ್ಲಿ ಚಹಾ ಕಾಯಿಸುವ ಕರೆಂಟ್ ಒಲೆಯ ಮೇಲೆ ಓಟ್ಸು ಕುದಿಯಿತು. ಬಾಗಿಲಿಗೆ ಅಡ್ಡವಾಗಿ ಬೆಂಚಿನವರೆಲ್ಲ ನಿಂತು ಆಳಿಗೊಂದು ಸಲಹೆ ಕೊಟ್ಟರು: ನೀರು ಜಾಸ್ತಿಯಾಯ್ತು, ಇಲ್ಲ ಕಮ್ಮಿಯಾಯ್ತು, ತಳ ಹಿಡೀತಿದೆ ನೋಡು, ನಮ್ಮ ಮಗುವಿಗೆ ನಾವು ಹೀಗಲ್ಲಪ್ಪ ಮಾಡ್ತಿದ್ದದ್ದು. ಮೊಟ್ಟೆ ಕಿವುಚಿ, ಬಾಳೆಹಣ್ಣು ಕಿವುಚಿ, ಗಟ್ಟಿಯಾದ ಓಟ್ಸಿಗೆ ಕಲಸಿ, ಕೈ ಸುಡುತ್ತಿದ್ದರೂ ಗೋಲಿ ಗೋಲಿಯಾಗಿ ಕಟ್ಟಿ ತಟ್ಟೆಗೆ ಹಾಕಿದ. ಹಾಕುವ ಮೊದಲು ಒಂದನ್ನು ತಾನು ತಿಂದು ನೋಡಿದ, ನಾಲಿಗೆ ಸುಟ್ಟಿತು. "ಹತ್ತೂ ಮುಕ್ಕಾಲು," ಎಂದರು ಡಾಕ್ಟರು. ಆರುವವರೆಗೆ ಕಾಯಲು ಹೊತ್ತಿರಲಿಲ್ಲ. ತಟ್ಟೆಯನ್ನು ತಂದು ಡ್ರೈಯರಿನ ಬಾಯಿಯ ಮುಂದಿಟ್ಟು, ತಣ್ಣನೆ ಗಾಳಿಗೆ ತಿರುಗಿಸಿ, ಗುಂಡಿ ಒತ್ತಿದ. ಒತ್ತಿದ ಮೇಲೆ ತಾನೇನು ಮಾಡಿದೆನೆಂದು ಹೊಳೆಯಿತು. ಯಾವುದಕ್ಕೆ ಹೆದರಿ ಅದು ಅಡಗಿ ಕೂತಿದೆಯೋ ಅದನ್ನೇ ಹಚ್ಚಿದ್ದೀಯಲ್ಲೋ ಪೆದ್ದ, ಎಂದು ತನ್ನನ್ನೇ ಬೈದುಕೊಂಡ.

ಮಷಿನ್ನು ಬುಸ್ಸೆಂದಿತು. ಮೊಟ್ಟೆ, ಬಾಳೆಹಣ್ಣು, ಬೆಂದ ಓಟ್ಸಿನ ಗಾಳಿ ಅಂಗಡಿಯ ಉದ್ದಕ್ಕೂ ಹರಿಯಿತು. ಬೆಂಚಿನ ಪಕ್ಕ ಕಟ್ಟಿಹಾಕಿದ್ದ ನಾಯಿಗಳೆಲ್ಲ ಒಂದೇ ಸಲಕ್ಕೆ ಮೂಗೆತ್ತಿದವು. ಬಿಳಿ ಮರಿ ಮಡಿಲಿಂದ ಜಿಗಿಯಲು ಹೋಗಿ ತಲೆಕೆಳಗಾಗಿ ನೇತಾಡಿತು. ಬೆಂಚಿನ ಕೆಳಗಿನಿಂದ ಒಂದು ಮೂಗು, ಒಂದು ಗಡ್ಡ, ಆಮೇಲೆ ಇಡೀ ಅಜ್ಜ. ಅದು ಗಾಳಿಗೆ ಎದುರಾಗಿ ನಡೆದುಬಂತು. ಕಣ್ಣು ಮುಚ್ಚಿತ್ತು, ಕಿವಿಗಳು ಹಿಂದಕ್ಕೆ ಹಾರಾಡುತ್ತಿದ್ದವು, ಹೆದರಿಕೆಗೂ ವಾಸನೆಗೂ ನಡುವೆ ಒಂದೊಂದು ಹೆಜ್ಜೆಗೂ ಜಗಳವಾಗುತ್ತಿತ್ತು, ಒಮ್ಮೆ ನಿಂತೂ ಬಿಟ್ಟಿತು, ಮತ್ತೆ ಹೊರಟಿತು. ಡ್ರೈಯರಿನ ಪಕ್ಕ ಮಂಡಿಯೂರಿದ ಅವನ ಅಂಗೈಯಿಂದ ಮೊದಲ ಗೋಲಿಯನ್ನು ಅದು ತುಟಿಯಲ್ಲೇ ಎತ್ತಿಕೊಂಡಿತು. ಒಸಡಿನಲ್ಲಿ ಅದುಮಿತು. ನುಂಗಿತು. ಇನ್ನೊಂದು ಎಲ್ಲಿ ಎಂದು ಅಂಗೈ ತಿರುವಿ ನೋಡಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಹೆದರೀತೆಂದು. ಅವನು ಎಡಗೈಯಿಂದ ಒಂದೊಂದೇ ಗೋಲಿ ಕೊಡುತ್ತ, ಬಲಗೈಯಿಂದ ಕೊಳವೆಯನ್ನು ಎತ್ತಿ, ಎದೆಗೆ, ಪಕ್ಕೆಗೆ, ಹೊಟ್ಟೆಯ ಕೆಳಕ್ಕೆ ತಂದ. ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆಚ್ಚಗೆ ಮಾಡಿದ. ಕತ್ತರಿಯಣ್ಣ ಇನ್ನೊಂದು ಪಕ್ಕದಲ್ಲಿ ಕೂತು, ಒಣಗಿದ ಗಂಟುಗಳನ್ನು ಬಾಚಣಿಗೆಯಿಂದ ಬಿಡಿಸಿದ. ಗಂಟು ಬಿಟ್ಟ ಕಡೆಯೆಲ್ಲ ಕೆಂಪು ಚರ್ಮಕ್ಕೆ ಗಾಳಿ ತಗುಲಿ ಅಜ್ಜನಿಗೆ ಹಾಯೆನಿಸಿರಬೇಕು, ಅದು ಉದ್ದಕ್ಕೊಂದು ನಿಟ್ಟುಸಿರು ಬಿಟ್ಟಿತು. "ಇಲ್ಲಿ ಹಿಡಿ," ಎಂದ ಕತ್ತರಿಯಣ್ಣ. ಹಿಡಿದ. "ಹಾಂ, ಹಾಗೆ." ಇಬ್ಬರ ತಲೆಗಳೂ ಒಂದೇ ನಾಯಿಯ ಹೊಟ್ಟೆಯ ಕೆಳಗಿದ್ದವು. ಈ ಸಲ ಕತ್ತರಿಯಣ್ಣ ಬಕೆಟ್ ಎನ್ನಲಿಲ್ಲ. ಅವನಿಗೆ ಒಳಗೊಳಗೇ ನಗು ಬರುತ್ತಿತ್ತು, ತಡೆದರೆ ಹೊಟ್ಟೆ ನೋಯುವಂಥ ನಗು.

ಹನ್ನೊಂದೂ ಕಾಲಾಯಿತು. ಡಾಕ್ಟರು ಗಡಿಯಾರ ನೋಡುವುದನ್ನು ಆಗಲೇ ಬಿಟ್ಟಿದ್ದರು. ಹತ್ತಿಯಂತೆ ಉಬ್ಬಿ ಎರಡರಷ್ಟಾದ ಅಜ್ಜನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ನೋಡಿದರು, ಒದ್ದೆಯಾಗದ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. "ತಿಂದ್ಯಾ? ನಿಂತ್ಯಾ? ಕಳ್ಳ ನನ್ಮಗನೇ," ಎಂದರು ನಾಯಿಗೆ. ಆಮೇಲೆ, ಇಷ್ಟು ಜನ ನೋಡುತ್ತಿದ್ದಾರೆಂಬುದು ನೆನಪಾಗಿ, ಗಂಟಲು ಸರಿಮಾಡಿಕೊಂಡು ಎದ್ದು, ಮೂಲೆಯಲ್ಲಿದ್ದ ಡಬ್ಬಿಯನ್ನು ಕಾಲಿನಿಂದ ತೋರಿಸಿದರು.

"ಅದೆಲ್ಲ ಸರಿಯಪ್ಪ. ಆದರೆ ಆ ದ್ರಾಕ್ಷಿ? ಸ್ವಲ್ಪವಾದ್ರೂ ತಲೆ ಇರೋರು ಹಾಕೋ ಪದಾರ್ಥವಾ ಅದು? ಎಂಥ ದಡ್ಡರು ಹಾಕ್ತಾರೆ ಅದನ್ನ, ಹೇಳು ನೋಡೋಣ."

ಬೆಂಚು ಅವನ ಕಡೆ ತಿರುಗಿತು. ಕತ್ತರಿಯಣ್ಣ ಬಾಚಣಿಗೆ ನಿಲ್ಲಿಸಿದ. ಸೈಕಲ್ ಅಂಗಡಿಯ ತಿರುವಿನಲ್ಲಿ ಹೊಳೆದದ್ದೆಲ್ಲ ಈಗ ಬೇಕಾದ ಜಾಗಕ್ಕೇ, ಬೇಕಾದ ಹೊತ್ತಿಗೇ ಬಂದು, ಹಲ್ಲುಗಳ ಹಿಂದೆ ಸಾಲಾಗಿ ನಿಂತಿತ್ತು. ಅಮ್ಮನಿಗೆ ತಗಲುವ ಈ ಮಾತಿಗಿಂತ ಎಷ್ಟೋ ಸಣ್ಣ ಮಾತಿಗೆ ಅವನು ಜನರ ಕಾಲರ್ ಹಿಡಿದದ್ದಿದೆ. ಅವನು ಬಗ್ಗಿ ಡಬ್ಬಿ ಎತ್ತಿಕೊಂಡ, ಮುಚ್ಚಳ ತೆಗೆದ, ಒಂದು ಇಡೀ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡ. ಸಪ್ಪೆ, ಮೆತ್ತಗೆ, ಬರೀ ಹಿಟ್ಟು, ಬರೀ ಕುಂಬಳ. ಅಷ್ಟರಲ್ಲಿ ದವಡೆಯ ಮೂಲೆಯಲ್ಲಿ ಒಂದು ದ್ರಾಕ್ಷಿ ಸಿಕ್ಕಿ ಒಡೆಯಿತು. ಅವನು ಅದನ್ನು ನಿಧಾನವಾಗಿ ಅಗಿಯುತ್ತ, ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹಿಂದಿನ ಬಾಗಿಲಿನ ಕಡೆಗೆ ನಡೆದ.